ಲಾರಿಯ ಎಡಮಗ್ಗುಲು

ಒಂದು ಕಂಪನಿಯ ಶೇರನ್ನು ಜನ ಯಾಕೆ ಕೊಳ್ಳುತ್ತಾರೆ? ಡಿವಿಡೆಂಡ್ ಬರಲಿ ಅಂತ, ಇಲ್ಲವೇ ರೇಟು ಏರಿದಾಗ ಮಾರೋಣ ಅಂತ. ಬಿ.ಕಾಂ. ಮುಗಿಸಿ ಬ್ಯಾಂಕು ಸೇರಿ ಮೊದಲು ಲೆಡ್ಜರು, ಆಮೇಲೆ ಕಂಪ್ಯೂಟರು ನೋಡುತ್ತಾ ಮೂವತ್ತು ವರ್ಷ ಕಳೆದ ನನಗೆ ಗೊತ್ತಿದ್ದದ್ದು ಈ ಎರಡೇ ಕಾರಣ. ಮೂರನೆಯದೊಂದು ಇದೆ ಅಂತ ಗೊತ್ತಾದದ್ದು ಲಂಡನ್ನಿನ ಸಿಂಥಿಯಾ ಬಾರ್ಲೋ ಅನ್ನುವ ಹೆಣ್ಣುಮಗಳ ಬಗ್ಗೆ ಓದಿದಾಗ.

2000ನೇ ಇಸವಿಯಲ್ಲಿ ಆಕೆಯ ಮಗಳು ಅಲೆಕ್ಸ್ ಲಂಡನ್ನಿನಲ್ಲಿ ಸೈಕಲ್ ಮೇಲೆ ಹೋಗುತ್ತಿದ್ದಾಗ, ಎಡಕ್ಕೆ ತಿರುಗಿದ ಕಾಂಕ್ರೀಟ್ ಮಿಕ್ಸರ್ ಲಾರಿಯ ಕೆಳಗೆ ಸಿಕ್ಕು ತೀರಿಹೋದಳು. ವಯಸ್ಸು 26. ಇಂಥ ಹೊತ್ತಿನಲ್ಲಿ ತಂದೆತಾಯಿ ಪೊಲೀಸ್ ಸ್ಟೇಷನ್ನು, ಕೋರ್ಟು, ಇನ್ಶೂರೆನ್ಸು ಅಂತ ಅಲೆದು ಸುಸ್ತಾಗಿ ಕೂರುತ್ತಾರೆ. ಈಕೆ ಬೇರೊಂದು ಕೆಲಸ ಮಾಡಿದರು. ಲಾರಿಯ ಒಡೆತನದ ಕಾಂಕ್ರೀಟ್ ಕಂಪನಿ ಶೇರು ಪೇಟೆಯಲ್ಲಿತ್ತು. ಅದರ ಶೇರು ಕೊಂಡರು. ಶೇರುದಾರರಿಗೆ ವಾರ್ಷಿಕ ಮಹಾಸಭೆಗೆ ಹೋಗುವ ಹಕ್ಕಿದೆ, ಎದ್ದು ನಿಂತು ಪ್ರಶ್ನೆ ಕೇಳುವ ಹಕ್ಕಿದೆ. ಸಭೆಗೆ ಹೋಗಿ, ವೇದಿಕೆಯ ಮೇಲಿದ್ದ ನಿರ್ದೇಶಕರ ಮುಂದೆ ಮಗಳ ಸಾವಿನ ವಿಷಯ ಎತ್ತಿದರು. ನಿಮ್ಮ ಲಾರಿಗಳಿಂದ ಹೀಗಾಗದಂತೆ ಏನು ಮಾಡುತ್ತೀರಿ ಅನ್ನುವುದು ಅವರ ಪ್ರಶ್ನೆಯ ತಿರುಳು.

ನಮ್ಮಲ್ಲಿಯ ಎ.ಜಿ.ಎಂ.ಗಳನ್ನು ನೋಡಿದವರಿಗೆ ಗೊತ್ತು, ಅಲ್ಲಿ ಎದ್ದು ನಿಲ್ಲುವ ಸಣ್ಣ ಶೇರುದಾರರಲ್ಲಿ ಅರ್ಧ ಜನ ಛೇರ್ಮನ್ ಸಾಹೇಬರನ್ನು ಹೊಗಳುತ್ತಾರೆ, ಉಳಿದರ್ಧ ಜನ ಬೋನಸ್ ಶೇರು ಯಾವಾಗ ಅಂತ ಕೇಳುತ್ತಾರೆ. ಇಂಥ ಜಾಗದಲ್ಲಿ ಒಬ್ಬ ತಾಯಿ ಎದ್ದು ನಿಂತದ್ದನ್ನು ಊಹಿಸಿಕೊಳ್ಳಿ. ಆಕೆ ಒಂದು ಸಭೆಗೇ ಬಿಡಲಿಲ್ಲ, ಬೆನ್ನು ಹತ್ತಿದರು. ಆ ಕಂಪನಿಯನ್ನು 2005ರಲ್ಲಿ ಮೆಕ್ಸಿಕೋದ ಸೆಮೆಕ್ಸ್ ಕೊಂಡುಕೊಂಡಿತು. ಕಾಲಕ್ರಮದಲ್ಲಿ ಲಾರಿಗಳಿಗೆ ಹೆಚ್ಚಿನ ಕನ್ನಡಿ, ಎಡಗಡೆ ಯಾರಾದರೂ ಇದ್ದರೆ ಎಚ್ಚರಿಸುವ ಸೆನ್ಸರ್, ತಿರುಗುವಾಗ ಕೂಗುವ ಅಲಾರಂ ಬಂದವು. ಕಾನೂನು ಇನ್ನೂ ಕೇಳಿರಲಿಲ್ಲ. ಕೇಳಿದ್ದು ಒಬ್ಬ ಶೇರುದಾರಳು.

ಲಂಡನ್ನಿನ ಈ ಕಥೆ ಪುಣೆಯಲ್ಲಿ ಕೂತ ಕನ್ನಡದವನಿಗೆ ಯಾಕೆ ಅಂತ ನೀವು ಕೇಳಬಹುದು. ಒಂದು ಕಾರಣ ಸರಳ. ಇಂಗ್ಲೆಂಡಿನವರೂ ನಮ್ಮ ಹಾಗೆ ರಸ್ತೆಯ ಎಡಗಡೆ ಹೋಗುವವರು, ಡ್ರೈವರ್ ಬಲಗಡೆ ಕೂರುವವರು. (ಈ ಪದ್ಧತಿ ನಮಗೆ ಬಿಟ್ಟುಹೋದವರೂ ಅವರೇ ಅಲ್ಲವೇ!) ಹಾಗಾಗಿ ಅಲ್ಲಿ ಲಾರಿಯ ಯಾವ ಮಗ್ಗುಲು ಸೈಕಲ್ಲಿನವನಿಗೆ ಮೃತ್ಯುವೋ ಇಲ್ಲಿಯೂ ಅದೇ ಮಗ್ಗುಲು. ಇನ್ನೊಂದು ಕಾರಣ, ಪುಣೆ. ನಾನು ಗದಗಿನಿಂದ ಇಲ್ಲಿಗೆ ಬಂದಾಗ ಇದನ್ನು ಸೈಕಲ್ಲುಗಳ ಊರು ಅಂತಲೇ ಕರೆಯುತ್ತಿದ್ದರು. ಈಗ ಇಲ್ಲಿ ಯಾವ ರಸ್ತೆಗೆ ಹೋದರೂ ಹೊಟ್ಟೆ ತಿರುಗಿಸುತ್ತಾ ನಿಂತ ಮಿಕ್ಸರ್ ಲಾರಿಗಳೇ.

ಮೊದಲು ಆ ಎಡಮಗ್ಗುಲಿನ ಸಂಗತಿ. ದೊಡ್ಡ ಲಾರಿಯಲ್ಲಿ ಡ್ರೈವರ್ ಕೂರುವುದು ಇಂಜಿನ್ನಿನ ಮೇಲೆ, ಕಣ್ಣಿನ ಮಟ್ಟ ನೆಲದಿಂದ ಎಂಟು ಅಡಿಗೂ ಮೇಲೆ. ಕ್ಯಾಬಿನ್ನಿನ ಎಡಬಾಗಿಲ ಕಿಟಕಿಯ ಕೆಳಗಿನ ಅಂಚೇ ಸೈಕಲ್ ಸವಾರನ ತಲೆಗಿಂತ ಮೇಲಿರುತ್ತದೆ. ಸಿಗ್ನಲ್ಲಿನಲ್ಲಿ ಲಾರಿಯ ಎಡಕ್ಕೆ, ಮುಂಗಾಲಿಯ ಪಕ್ಕ ಸೈಕಲ್ ನಿಲ್ಲಿಸಿಕೊಂಡವನು ಡ್ರೈವರನ ಪಾಲಿಗೆ ಇಲ್ಲವೇ ಇಲ್ಲ. ದೀಪ ಹಸಿರಾದಾಗ ಲಾರಿ ಎಡಕ್ಕೆ ತಿರುಗಬೇಕಾದರೆ ಮೊದಲು ಸ್ವಲ್ಪ ಬಲಕ್ಕೆ ಎಳೆದುಕೊಳ್ಳುತ್ತದೆ, ಪಕ್ಕದಲ್ಲಿ ಜಾಗ ತೆರೆದ ಹಾಗೆ ಕಾಣುತ್ತದೆ. ಸೈಕಲ್ಲಿನವನು ಮುಂದಕ್ಕೆ ಹೋಗುತ್ತಾನೆ. ಆಗ ಲಾರಿ ಎಡಕ್ಕೆ ಹೊರಳುತ್ತದೆ. ಉದ್ದದ ಗಾಡಿಯ ಹಿಂಗಾಲಿ ಮುಂಗಾಲಿಯ ಜಾಡಿನಲ್ಲಿ ಬರುವುದಿಲ್ಲ, ಒಳಮೂಲೆಯನ್ನು ಕೊಯ್ದುಕೊಂಡು ಬರುತ್ತದೆ. ಆಗುಂಬೆ ಘಾಟಿಯ ತಿರುವಿನಲ್ಲಿ ಬಸ್ಸಿನ ಹಿಂದಿನ ಸೀಟಿನಲ್ಲಿ ಕೂತವರಿಗೆ ಇದು ಅನುಭವದಿಂದಲೇ ಗೊತ್ತು. ಎರಡೂ ವೇಗ ಕಡಿಮೆ, ಆದರೂ ಉಳಿಯುವುದಿಲ್ಲ.

ನಮ್ಮ ಲಾರಿಗಳಲ್ಲಿ ಇದಕ್ಕೆ ಒಂದು ಹಳೆಯ ಉಪಾಯ ಇತ್ತು. ಅದರ ಹೆಸರು ಕ್ಲೀನರ್. ಎಡಬಾಗಿಲಿನಿಂದ ಅರ್ಧ ಮೈ ಹೊರಗೆ ಹಾಕಿ, ತಗಡಿನ ಮೇಲೆ ಕೈ ಬಡಿದು, ಬರ್ಲಿ ಬರ್ಲಿ, ಹೋಲ್ಡಾನ್ ಅನ್ನುವ ಆ ಹುಡುಗನೇ ಡ್ರೈವರನ ಎಡಗಣ್ಣು. ಅವನ ಸಂಬಳ ಎಷ್ಟು, ಊಟ ಎಲ್ಲಿ ಅನ್ನುವುದು ಬೇರೆಯೇ ಕಥೆ. ಲಂಡನ್ನಿನ ಲಾರಿಯಲ್ಲಿ ಕ್ಲೀನರ್ ಇಲ್ಲ. ನಮ್ಮಲ್ಲಿಯೂ ಖರ್ಚು ಉಳಿಸಲು ಅವನನ್ನು ಬಿಡುತ್ತಿದ್ದಾರೆ, ಅವನ ಜಾಗಕ್ಕೆ ಏನನ್ನೂ ತರುತ್ತಿಲ್ಲ.

ಸರಿ, ಲಂಡನ್ನಿಗೆ ವಾಪಸು ಹೋಗೋಣ. ಬಾರ್ಲೋ ಸೇರಿಕೊಂಡ ಸಂಸ್ಥೆ ರೋಡ್‌ಪೀಸ್, ಆಮೇಲೆ ಅದರ ಅಧ್ಯಕ್ಷೆಯೂ ಆದರು. ಅದನ್ನು 1992ರಲ್ಲಿ ಕಟ್ಟಿದ್ದು ಬ್ರಿಗಿಟ್ ಚೌಧರಿ, 1990ರಲ್ಲಿ ರಸ್ತೆಯಲ್ಲಿ ಮಗನನ್ನು ಕಳೆದುಕೊಂಡ ಇನ್ನೊಬ್ಬ ತಾಯಿ. ನವೆಂಬರಿನ ಮೂರನೇ ಭಾನುವಾರ ರಸ್ತೆಯಲ್ಲಿ ಸತ್ತವರ ನೆನಪಿನ ದಿನ ಅಂತ ಪತ್ರಿಕೆಗಳಲ್ಲಿ ಓದಿರುತ್ತೀರಿ, ಆ ದಿನವನ್ನು 1993ರಲ್ಲಿ ಶುರು ಮಾಡಿದ್ದು ಇವರ ಸಂಸ್ಥೆ. ವಿಶ್ವಸಂಸ್ಥೆ ಅದನ್ನು ಒಪ್ಪಿಕೊಂಡದ್ದು 2005ರಲ್ಲಿ.

ಸರ್ಕಾರದ ಮೊದಲ ಉತ್ತರ ಕನ್ನಡಿ. 2003ರಲ್ಲಿ ಯುರೋಪಿಯನ್ ಒಕ್ಕೂಟ ಹೊಸ ಲಾರಿಗಳಿಗೆ ಹೆಚ್ಚಿನ ಕನ್ನಡಿಗಳ ನಿಯಮ ತಂದಿತು. 2007ರ ಇನ್ನೊಂದು ನಿಯಮದ ಪ್ರಕಾರ 2000ನೇ ಇಸವಿಯಿಂದೀಚೆಗೆ ನೋಂದಣಿಯಾದ ಲಾರಿಗಳಿಗೂ 2009ರ ಮಾರ್ಚ್ ಒಳಗೆ ಎಡಮಗ್ಗುಲಿನ ಕನ್ನಡಿ ಹಾಕಬೇಕಾಯಿತು. ಒಟ್ಟು ಆರು ಕನ್ನಡಿ. ಆದರೆ ಆರು ಕನ್ನಡಿಯನ್ನು ನೋಡುವುದು ಎರಡೇ ಕಣ್ಣು. ಆರನೆಯದನ್ನು ನೋಡುವಷ್ಟರಲ್ಲಿ ಮೊದಲನೆಯದರಲ್ಲಿ ಸೈಕಲ್ ಬಂದು ನಿಂತಿರಬಹುದು. ಡ್ರೈವರುಗಳನ್ನು ಬಯ್ಯುವ ಮೊದಲು ಇದನ್ನು ನೆನಪಿಡಬೇಕು.

2009ರ ಫೆಬ್ರವರಿಯಲ್ಲಿ ನಾಟಿಂಗ್ ಹಿಲ್ ಗೇಟ್ ಎಂಬಲ್ಲಿ ಸೈಕಲ್ಲಿನ ಮೇಲಿದ್ದ ಇನ್ನೊಬ್ಬ ಹುಡುಗಿ ಟಿಪ್ಪರ್ ಲಾರಿಗೆ ಬಲಿಯಾದಳು. ಡ್ರೈವರನ ಕಣ್ಣು ಪರೀಕ್ಷಿಸಿದರೆ ದೃಷ್ಟಿಯೇ ಸರಿಯಿರಲಿಲ್ಲ. ಅದಕ್ಕಾದ ಶಿಕ್ಷೆ 200 ಪೌಂಡ್ ದಂಡ, ಲೈಸೆನ್ಸಿನ ಮೇಲೆ ಮೂರು ಪಾಯಿಂಟು. 2011ರಲ್ಲಿ ಅದೇ ಡ್ರೈವರನ ಲಾರಿಗೆ ರಸ್ತೆ ದಾಟುತ್ತಿದ್ದ ವೃದ್ಧೆಯೊಬ್ಬರು ಸಿಕ್ಕು ಸತ್ತರು. ಇದನ್ನು ಓದಿ ನಾನು ಸ್ವಲ್ಪ ಹೊತ್ತು ಮುಂದಕ್ಕೆ ಓದಲಾರದೆ ಕೂತಿದ್ದೆ.

ಆ ಹುಡುಗಿಯ ಸೋದರಿ ಕೇಟ್ ಕೇರ್ನ್ಸ್ ವೃತ್ತಿಯಿಂದ ಸಿವಿಲ್ ಇಂಜಿನಿಯರ್. ಅಂದರೆ ಟಿಪ್ಪರುಗಳಿಗೆ ಕೆಲಸ ಕೊಡುವ ಉದ್ಯಮದವರೇ. 'ನನ್ನನ್ನು ನೋಡು, ನನ್ನನ್ನು ಉಳಿಸು' ಎಂಬರ್ಥದ ಹೆಸರಿಟ್ಟು ಆಂದೋಲನ ಶುರು ಮಾಡಿ, ಲಾರಿಗಳಿಗೆ ಕ್ಯಾಮೆರಾ ಮತ್ತು ಸೆನ್ಸರ್ ಕಡ್ಡಾಯ ಆಗಬೇಕು ಅಂತ ಯುರೋಪಿಯನ್ ಪಾರ್ಲಿಮೆಂಟಿನ ಸದಸ್ಯರ ಸಹಿ ಸಂಗ್ರಹಿಸಿದರು. 2011ರಲ್ಲಿ ಅರ್ಧಕ್ಕಿಂತ ಹೆಚ್ಚು ಸದಸ್ಯರು ಸಹಿ ಹಾಕಿದ್ದರು. ಸಹಿಯಿಂದ ಕೂಡಲೇ ಕಾನೂನಾಗುವುದಿಲ್ಲ, ಆದರೆ ಫೈಲು ಓಪನ್ ಆಗುತ್ತದೆ. ಬ್ಯಾಂಕಿನವರಿಗೆ ಫೈಲು ಓಪನ್ ಆಗುವುದರ ಬೆಲೆ ಗೊತ್ತು :-)

ಅದೇ ವರ್ಷದ ನವೆಂಬರಿನಲ್ಲಿ 'ದಿ ಟೈಮ್ಸ್' ಪತ್ರಿಕೆಯ ಯುವ ವರದಿಗಾರ್ತಿಯೊಬ್ಬಳು ತನ್ನ ಆಫೀಸಿನ ಹತ್ತಿರವೇ ಲಾರಿಗೆ ಸಿಕ್ಕಿ ತೀವ್ರವಾಗಿ ಗಾಯಗೊಂಡಳು. 2012ರ ಫೆಬ್ರವರಿಯಲ್ಲಿ ಪತ್ರಿಕೆ ಸೈಕಲ್ಲಿಗೆ ತಕ್ಕ ನಗರಗಳು ಬೇಕು ಅಂತ ಎಂಟು ಬೇಡಿಕೆಗಳ ಆಂದೋಲನ ಶುರು ಮಾಡಿತು. ಮೊದಲ ಬೇಡಿಕೆಯೇ ಲಾರಿಗಳದ್ದು. ಅದೇ ತಿಂಗಳು ಬ್ರಿಟಿಷ್ ಪಾರ್ಲಿಮೆಂಟಿನಲ್ಲಿ ಚರ್ಚೆಯೂ ಆಯಿತು. ಮನೆ ಬಾಗಿಲಿಗೆ ಬಂದಾಗಲೇ ಪತ್ರಿಕೆಗೂ ನೋವು ತಿಳಿಯುವುದು ಅಂತ ಕುಹಕ ಆಡಬಹುದು. ನಾನು ಆಡುವುದಿಲ್ಲ. ಬಾಗಿಲಿಗೆ ಬಂದರೂ ಬಾಯಿ ಬಿಡದ ಪತ್ರಿಕೆಗಳನ್ನು ಬೇಕಾದಷ್ಟು ನೋಡಿದ್ದೇವೆ.

ಈ ಇಡೀ ಹೊತ್ತಿನಲ್ಲಿ ಅಧಿಕೃತ ಉಪದೇಶ ಮಾತ್ರ ಸೈಕಲ್ಲಿನವರಿಗೇ: ಹೆಲ್ಮೆಟ್ ಹಾಕಿ, ಹೊಳೆಯುವ ಜಾಕೆಟ್ ಹಾಕಿ, ಲಾರಿಯ ಎಡಕ್ಕೆ ಹೋಗಬೇಡಿ. ಪೊಲೀಸರು ಒಂದು ಒಳ್ಳೆಯ ಕಾರ್ಯಕ್ರಮ ಮಾಡುತ್ತಿದ್ದರು. ರಸ್ತೆ ಬದಿಗೆ ಲಾರಿ ನಿಲ್ಲಿಸಿ ಸೈಕಲ್ಲಿನವರನ್ನು ಡ್ರೈವರ್ ಸೀಟಿನಲ್ಲಿ ಕೂರಿಸಿ, ಎಡಗಡೆ ಏನು ಕಾಣುತ್ತದೆ ನೋಡಿ ಅನ್ನುವುದು. ಹತ್ತಿ ಕೂತವರಿಗೆ ಮೈ ಜುಮ್ಮೆನ್ನುತ್ತಿತ್ತಂತೆ. ಅದು ಬೇಕು. ಆದರೆ ಇಷ್ಟೂ ಕಾಣದ ಗಾಡಿಯನ್ನು ಊರೊಳಗೆ ಬಿಟ್ಟವರು ಯಾರು ಅನ್ನುವ ಪ್ರಶ್ನೆ ಅಲ್ಲಿಗೇ ಹುಟ್ಟಬೇಕಲ್ಲ? 2013ರ ಸುಮಾರಿಗೆ ಲಂಡನ್ ಸಾರಿಗೆ ಸಂಸ್ಥೆ ವಾಹನಗಳ ಹಿಂದೆ 'ಸೈಕಲ್ಲಿನವರು ಹಿಂದೆಯೇ ಇರಿ' ಅನ್ನುವ ಅರ್ಥದ ಸ್ಟಿಕ್ಕರ್ ಅಂಟಿಸಿತು. ಲಾರಿಗಷ್ಟೇ ಅಲ್ಲ, ವ್ಯಾನು ಟ್ಯಾಕ್ಸಿಗಳಿಗೂ! ಸೈಕಲ್ ಸಂಘಗಳು ಜಗಳ ತೆಗೆದವು. ಇದು ಎಚ್ಚರಿಕೆಯಲ್ಲ, ಅಪ್ಪಣೆ; ನಾಳೆ ಸತ್ತರೆ ಸ್ಟಿಕ್ಕರ್ ಓದಲಿಲ್ಲವೇ ಅನ್ನುತ್ತಾರೆ ಅನ್ನುವುದು ಅವರ ವಾದ. 2014ರಲ್ಲಿ ಅದನ್ನು ಬದಲಿಸಿ 'ಬ್ಲೈಂಡ್ ಸ್ಪಾಟ್, ಎಚ್ಚರ' ಅಂತ ಮಾಡಬೇಕಾಯಿತು. 'ಹಾರ್ನ್ ಓಕೆ ಪ್ಲೀಸ್' ನೋಡಿ ಬೆಳೆದ ನಮಗೆ ಸ್ಟಿಕ್ಕರಿಗಾಗಿ ಜಗಳ ತಮಾಷೆ ಅನ್ನಿಸಬಹುದು. ಆದರೆ ತಪ್ಪು ಯಾರ ತಲೆಗೆ ಅನ್ನುವುದು ಆ ನಾಲ್ಕು ಪದಗಳಲ್ಲೇ ತೀರ್ಮಾನ ಆಗುತ್ತಿತ್ತು.

2013ರ ನವೆಂಬರಿನಲ್ಲಿ ಎರಡು ವಾರದೊಳಗೆ ಲಂಡನ್ನಿನಲ್ಲಿ ಆರು ಮಂದಿ ಸೈಕಲ್ ಸವಾರರು ಸತ್ತರು. ತಿಂಗಳ ಕೊನೆಗೆ ಸಾರಿಗೆ ಸಂಸ್ಥೆಯ ಕಚೇರಿಯೆದುರು, ಚಳಿಯಲ್ಲಿ, ನೂರಾರು ಜನ ಸೈಕಲ್ಲುಗಳ ಪಕ್ಕದಲ್ಲಿ ಹೆಣದ ಹಾಗೆ ರಸ್ತೆಯ ಮೇಲೆ ಮಲಗಿದರು. ಟಿ.ವಿ.ಯವರು ಬಂದರು. ಅದು ಎಲ್ಲರಿಗೂ ಕಂಡ ಹೋರಾಟ.

ಕಾಣದ ಹೋರಾಟ ಅದೇ ವರ್ಷ ಒಂದು ವರದಿಯಲ್ಲಿತ್ತು. ಸಾರಿಗೆ ಸಂಸ್ಥೆ ಕೇಳಿ ಬರೆಸಿದ, ಕಟ್ಟಡ ಕಾಮಗಾರಿಯ ಲಾರಿಗಳು ಮತ್ತು ಸೈಕಲ್ ಸುರಕ್ಷತೆಯ ಬಗೆಗಿನ ವರದಿ. ನನ್ನ ಮಟ್ಟಿಗೆ ಈ ಚರಿತ್ರೆಯ ನಿಜವಾದ ತಿರುವು ಇದೇ. ಸೈಕಲ್ಲಿನವರನ್ನು ಕೊಲ್ಲುತ್ತಿದ್ದದ್ದು ಎಲ್ಲ ಲಾರಿಗಳಲ್ಲ, ಮುಖ್ಯವಾಗಿ ಟಿಪ್ಪರ್, ಮಿಕ್ಸರ್, ಮಣ್ಣು-ಕಸದ ಲಾರಿಗಳು. ಕಾರಣಗಳನ್ನು ನೋಡಿ. ಕಟ್ಟಡದ ಗೇಟಿನ ಒಳಗೆ ಒಬ್ಬ ಕೂಲಿಗೆ ಇಟ್ಟಿಗೆ ಬಿದ್ದರೆ ತನಿಖೆ, ರಿಪೋರ್ಟು, ಮಾಲೀಕನಿಗೆ ನಡುಕ. ಅದೇ ಸೈಟಿನ ಲಾರಿ ಗೇಟು ದಾಟಿ ಹತ್ತು ಹೆಜ್ಜೆ ಹೋಗಿ ಒಬ್ಬರನ್ನು ಕೊಂದರೆ ಅದು ಬರೀ ರಸ್ತೆ ಅಪಘಾತ, ಕಂಪನಿಯ ಸುರಕ್ಷತಾ ಲೆಕ್ಕಕ್ಕೆ ಬರುತ್ತಲೇ ಇರಲಿಲ್ಲ! ಟಿಪ್ಪರಿನವನಿಗೆ ದುಡ್ಡು ಟ್ರಿಪ್ಪಿನ ಲೆಕ್ಕ. ಮಿಕ್ಸರಿನವನಿಗೆ ಕಾಂಕ್ರೀಟು ಗಟ್ಟಿಯಾಗುವ ಮೊದಲು, ಒಂದೂವರೆ ಎರಡು ತಾಸಿನೊಳಗೆ, ಸುರಿದು ಬರುವ ಅವಸರ. ಇನ್ನೊಂದು ವಿಚಿತ್ರ: ಅಲ್ಲಿ ಲಾರಿಗಳ ಪಕ್ಕಕ್ಕೆ ಕಂಬಿ ಕಟ್ಟಬೇಕೆಂಬ ನಿಯಮ 1980ರ ದಶಕದಿಂದಲೇ ಇತ್ತು, ಬಿದ್ದವರು ಚಕ್ರದ ಅಡಿಗೆ ಹೋಗಬಾರದು ಅಂತ. ಟಿಪ್ಪರುಗಳಿಗೆ ಮಾತ್ರ ವಿನಾಯಿತಿ. ಅವು ಕೆಸರಿನಲ್ಲಿ, ಗುಡ್ಡದಲ್ಲಿ ಓಡುವ ಗಾಡಿಗಳು, ಕಂಬಿ ತಾಗುತ್ತದೆ ಅಂತ. ಓಡುತ್ತಿದ್ದದ್ದೆಲ್ಲ ಲಂಡನ್ನಿನ ಡಾಂಬರಿನ ಮೇಲೆ.

ಇಲ್ಲಿಂದ ಹೋರಾಟ ಬೀದಿಯಿಂದ ಟೆಂಡರಿನ ಕಡೆಗೆ ತಿರುಗಿತು. ಕಾನೂನು ಬರಲಿ ಅಂತ ಕಾಯುವ ಬದಲು, ದುಡ್ಡು ಕೊಡುವವರ ಹತ್ತಿರ ಹೋಗುವುದು. ಲಂಡನ್ನಿನಡಿ ಸುರಂಗ ಕೊರೆದ ಕ್ರಾಸ್‌ರೈಲ್ ಯೋಜನೆಯವರು, ಸರಿಯಾದ ಕನ್ನಡಿ ಸೆನ್ಸರ್ ಇಲ್ಲದ, ತರಬೇತಿ ಇಲ್ಲದ ಡ್ರೈವರನ ಲಾರಿ ನಮ್ಮ ಸೈಟಿಗೆ ಬೇಡ ಅಂತ ಗುತ್ತಿಗೆಯಲ್ಲೇ ಬರೆದರು. ಗೇಟಿನಿಂದ ವಾಪಸು ಹೋದ ಲಾರಿಗೆ ಆ ದಿನದ ದುಡಿಮೆ ಇಲ್ಲ. ಸಾರಿಗೆ ಸಂಸ್ಥೆ ತನ್ನ ಕಾಂಟ್ರಾಕ್ಟುಗಳಲ್ಲೂ ಇಂಥ ಷರತ್ತು ಹಾಕಿತು. 2013ರ ಕೊನೆಗೆ ದೊಡ್ಡ ಬಿಲ್ಡರುಗಳೆಲ್ಲ ಸೇರಿ ಕ್ಲಾಕ್ಸ್ ಅನ್ನುವ ಒಂದೇ ಮಾನದಂಡ ಒಪ್ಪಿಕೊಂಡರು. ಬಾರ್ಲೋ ಒಂದು ಕಂಪನಿಯ ಸಭೆಯಲ್ಲಿ ಮಾಡಿದ್ದು ಈಗ ಇಡೀ ಉದ್ಯಮದ ಕಾಂಟ್ರಾಕ್ಟ್ ಕಾಗದಕ್ಕೆ ಬಂತು.

ಲ್ಯಾಂಬೆತ್ ಎಂಬ ಬರೋದ ಕೌನ್ಸಿಲ್ಲು ಇನ್ನೊಂದು ಕೆಲಸ ಮಾಡಿತು. ಲಂಡನ್ ಸೈಕ್ಲಿಂಗ್ ಕ್ಯಾಂಪೇನ್ ಎಂಬ ಸಂಘದ ಜೊತೆ ಸೇರಿ ತನ್ನ ಲಾರಿ ಡ್ರೈವರುಗಳನ್ನೇ ಸೈಕಲ್ ಹತ್ತಿಸಿ ರಸ್ತೆಗೆ ಕಳಿಸಿತು. ಪಕ್ಕದಲ್ಲಿ ಲಾರಿ ಹೋದರೆ ಹೇಗಿರುತ್ತದೆ ಅಂತ ಅವರಿಗೂ ತಿಳಿಯಲಿ ಅಂತ. ಅಂದ ಹಾಗೆ ಲ್ಯಾಂಬೆತ್ ಅಂದರೆ ಥೇಮ್ಸ್ ದಂಡೆಯಲ್ಲಿ ನಮ್ಮ ಬಸವಣ್ಣನವರ ಪ್ರತಿಮೆ ಇರುವ ಜಾಗ, 2015ರಲ್ಲಿ ಪ್ರಧಾನಿಗಳು ಅನಾವರಣ ಮಾಡಿದರಲ್ಲ, ಅದೇ. ಅದಕ್ಕಾಗಿ ದುಡಿದ ಕಲಬುರಗಿ ಮೂಲದ ಡಾ. ನೀರಜ್ ಪಾಟೀಲರು ಅಲ್ಲಿಯ ಮೇಯರ್ ಆಗಿದ್ದವರು. ಲಂಡನ್ನಿಗೆ ಹೋಗುವ ಕನ್ನಡಿಗರು ಪ್ರತಿಮೆಯ ಮುಂದೆ ಫೋಟೋ ತೆಗೆಸಿಕೊಂಡ ಮೇಲೆ ಪಕ್ಕದ ರಸ್ತೆಯಲ್ಲಿ ಹೋಗುವ ಲಾರಿಗಳನ್ನೂ ಒಮ್ಮೆ ನೋಡಿ. ಬಾಗಿಲಿನ ಕೆಳಭಾಗದಲ್ಲಿ ಗಾಜು ಇರುವವು ಕಾಣುತ್ತವೆ.

ಆ ಗಾಜಿನ ಬಾಗಿಲಿನದೂ ಒಂದು ಕಥೆ. ಲಂಡನ್ನಿನ ಕಸದ ಲಾರಿಗಳಲ್ಲಿ ಮೊದಲಿನಿಂದಲೂ ಕ್ಯಾಬಿನ್ ಕೆಳಗಿರುತ್ತದೆ, ಬಸ್ಸಿನ ಹಾಗೆ ಸುತ್ತ ಗಾಜು. ಕೆಲಸಗಾರರು ಪದೇ ಪದೇ ಹತ್ತಿ ಇಳಿಯಬೇಕು ಅಂತ ಹಾಗೆ ಮಾಡಿದ್ದು. ಸೈಕಲ್ ಸಂಘದವರ ಪ್ರಶ್ನೆ ಸರಳ: ಕಸ ಹೊರುವ ಲಾರಿ ಹೀಗಿರಬಹುದಾದರೆ ಮಣ್ಣು ಹೊರುವ ಲಾರಿ ಯಾಕಿರಬಾರದು? 2013ರಲ್ಲಿ ತಾವೇ ಒಂದು ನಗರ ಲಾರಿಯ ನಕ್ಷೆ ಮಾಡಿ ತೋರಿಸಿದರು. ಲೀಡ್ಸ್ ವಿಶ್ವವಿದ್ಯಾಲಯದವರು ಪ್ರಯೋಗ ಮಾಡಿ ನೋಡಿದಾಗ, ನೇರವಾಗಿ ಗಾಜಿನಲ್ಲಿ ಕಂಡವರಿಗಿಂತ ಕನ್ನಡಿಯಲ್ಲಿ ಕಂಡವರಿಗೆ ಡ್ರೈವರ್ ಪ್ರತಿಕ್ರಿಯಿಸಲು 0.7 ಸೆಕೆಂಡ್ ಹೆಚ್ಚು ಬೇಕಾಯಿತು. ಏನು ಮಹಾ ಅನ್ನಬೇಡಿ. ಗಂಟೆಗೆ 24 ಕಿ.ಮೀ. ವೇಗದಲ್ಲಿ ಅಷ್ಟು ಹೊತ್ತಿಗೆ ಲಾರಿ 4.7 ಮೀಟರ್ ಮುಂದೆ ಹೋಗಿರುತ್ತದೆ. ಒಂದು ಸೈಕಲ್ಲಿನ ಉದ್ದ ಎರಡು ಮೀಟರಿಗೂ ಕಡಿಮೆ.

2015ರ ಸೆಪ್ಟೆಂಬರ್ 1ರಿಂದ ಲಂಡನ್ನಿನಲ್ಲಿ ಪಕ್ಕದ ಕಂಬಿ ಮತ್ತು ಹೆಚ್ಚಿನ ಕನ್ನಡಿ ಇಲ್ಲದ 3.5 ಟನ್ನಿನ ಮೇಲಿನ ಲಾರಿಗಳಿಗೆ ನಿರ್ಬಂಧ ಬಂತು, ಟಿಪ್ಪರಿನ ವಿನಾಯಿತಿ ಅಲ್ಲಿಗೆ ಮುಗಿಯಿತು. 2016ರ ಸೆಪ್ಟೆಂಬರಿನಲ್ಲಿ ಮೇಯರ್ ಸಾದಿಕ್ ಖಾನ್ ಅದಕ್ಕಿಂತ ದೊಡ್ಡದನ್ನು ಘೋಷಿಸಿದರು. ಡ್ರೈವರ್ ಸೀಟಿನಿಂದ ಕನ್ನಡಿಯಿಲ್ಲದೆ ಎಷ್ಟು ಕಾಣುತ್ತದೆ ಅಂತ ಅಳೆದು ಪ್ರತಿ ಮಾಡೆಲ್ಲಿಗೆ ಸೊನ್ನೆಯಿಂದ ಐದರವರೆಗೆ ಸ್ಟಾರ್. ಅಳತೆಯ ವಿಧಾನ ಲಫ್‌ಬರೋ ವಿಶ್ವವಿದ್ಯಾಲಯದವರದು. ಹೋಟೆಲ್ಲಿಗೆ, ಫ್ರಿಜ್ಜಿಗೆ ಸ್ಟಾರ್ ಇದ್ದ ಹಾಗೆ ಲಾರಿಗೂ! 12 ಟನ್ನಿನ ಮೇಲಿನವಕ್ಕೆಲ್ಲ ಪರ್ಮಿಟ್ ಬೇಕು. ಕೊರೋನಾದಿಂದ ತಡವಾಗಿ 2021ರ ಮಾರ್ಚ್ 1ರಿಂದ ಜಾರಿಗೆ ಬಂತು, ತಪ್ಪಿದರೆ 550 ಪೌಂಡ್ ದಂಡ. ಮೊದಲಿಗೆ ಒಂದು ಸ್ಟಾರ್ ಸಾಕಿತ್ತು, 2024ರ ಅಕ್ಟೋಬರ್ 28ರಿಂದ ಮೂರು ಬೇಕು, ಇಲ್ಲವೇ ಸೆನ್ಸರ್ ಕ್ಯಾಮೆರಾಗಳ ಸುಧಾರಿತ ವ್ಯವಸ್ಥೆ ಹಾಕಿಸಬೇಕು. ಸಾಗಣೆದಾರರ ಸಂಘ ಖರ್ಚಿನ ಮಾತೆತ್ತಿ ಕಡೆಯವರೆಗೂ ವಿರೋಧಿಸಿತು. ಹತ್ತು ಲಾರಿ ಇಟ್ಟುಕೊಂಡ ಸಣ್ಣ ಮಾಲೀಕನಿಗೆ ಅದು ನಿಜವಾದ ಹೊರೆಯೇ, ಅದನ್ನು ತಳ್ಳಿಹಾಕಲಾರೆ.

ಫಲ? 2015ರಿಂದ 2017ರ ಲೆಕ್ಕದಲ್ಲಿ ಲಂಡನ್ನಿನ ವಾಹನ ಸಂಚಾರದಲ್ಲಿ ದೊಡ್ಡ ಲಾರಿಗಳ ಪಾಲು ಬರೀ ಶೇ. 4, ಸೈಕಲ್ ಸವಾರರು ಸತ್ತ ಅಪಘಾತಗಳಲ್ಲಿ ಮಾತ್ರ ಶೇ. 63. ಡ್ರೈವರಿಗೆ ಕಾಣಲಿಲ್ಲ ಅನ್ನುವುದು ಕಾರಣವಾಗಿದ್ದ ಸಾವಿನ ಅಪಘಾತಗಳು 2018ಕ್ಕೆ ಹೋಲಿಸಿದರೆ 2023ರ ಹೊತ್ತಿಗೆ ಶೇ. 75ರಷ್ಟು ಕಡಿಮೆಯಾಗಿವೆ ಅಂತ ಸಾರಿಗೆ ಸಂಸ್ಥೆ ಹೇಳುತ್ತದೆ. ಮೂಲ ಸಂಖ್ಯೆಯೇ ಸಣ್ಣದು, ಆದ್ದರಿಂದ ಶೇಕಡಾವಾರು ನೋಡಿ ಹಿಗ್ಗಬಾರದು ಅಂತ ಬ್ಯಾಲೆನ್ಸ್ ಶೀಟ್ ನೋಡುವ ನನ್ನ ಬುದ್ಧಿ ಹೇಳುತ್ತದೆ. ಆದರೂ ಆ ಸಣ್ಣ ಸಂಖ್ಯೆಯ ಒಂದೊಂದೂ ಒಂದು ಮನೆ.

ನಮ್ಮ ದೇಶದಲ್ಲಿ 2022ರಲ್ಲಿ ರಸ್ತೆಯಲ್ಲಿ ಸತ್ತವರು 1,68,491. ಪಕ್ಕದ ಕಂಬಿಯ ನಿಯಮ ನಮ್ಮಲ್ಲೂ ಪುಸ್ತಕದಲ್ಲಿದೆ, ಹೆದ್ದಾರಿಯಲ್ಲಿ ಹೋಗುವ ಲಾರಿಗಳ ಹೊಟ್ಟೆಯ ಕೆಳಗೆ ಬಗ್ಗಿ ನೋಡಿದರೆ ಎಷ್ಟಕ್ಕಿದೆ ತಿಳಿಯುತ್ತದೆ. ನಾನು ನೋಡಿದ ಲಾರಿ ಸಾಲದ ಅರ್ಜಿಗಳಲ್ಲಿ ಆರ್.ಸಿ., ಇನ್ಶೂರೆನ್ಸ್, ಪರ್ಮಿಟ್, ಮಾರ್ಜಿನ್ ಮನಿ, ಗ್ಯಾರಂಟಿದಾರರ ಆಸ್ತಿ, ಎಲ್ಲಕ್ಕೂ ಕಾಲಂ ಉಂಟು. ಷರತ್ತು ಹಾಕಲು ಬ್ಯಾಂಕಿಗಿಂತ ಒಳ್ಳೆಯ ಜಾಗ ಇಲ್ಲ: ಗಾಡಿಗೆ ಸೆನ್ಸರ್ ಹಾಕಿಸಿದರೆ ಬಡ್ಡಿಯಲ್ಲಿ ಕಾಲು ಪರ್ಸೆಂಟ್ ಬಿಡಿ ನೋಡೋಣ. ಮೆಟ್ರೋ, ಫ್ಲೈಓವರ್ ಕಟ್ಟಿಸುವ ಇಲಾಖೆಗಳೂ ಟೆಂಡರಿನಲ್ಲಿ ಒಂದು ಸಾಲು ಸೇರಿಸಬಹುದು, ಅದಕ್ಕೆ ವಿಧಾನಸಭೆಯ ಅಪ್ಪಣೆ ಬೇಕಿಲ್ಲ.

ಯುರೋಪಿನಲ್ಲಿ 2024ರ ಜುಲೈಯಿಂದ ಹೊಸದಾಗಿ ಮಾರುವ ಪ್ರತಿ ದೊಡ್ಡ ಲಾರಿಗೂ ಪಕ್ಕದ ಸೈಕಲ್ಲನ್ನು ಗುರುತಿಸುವ ವ್ಯವಸ್ಥೆ ಕಾರ್ಖಾನೆಯಲ್ಲೇ ಬರಬೇಕು. ಅದರ ಹಿಂದಿರುವುದು ವಿಶ್ವಸಂಸ್ಥೆಯ 151ನೇ ವಾಹನ ನಿಯಮ. ನೇರ ನೋಟಕ್ಕೂ ಈಗ 167ನೇ ನಿಯಮ ಇದೆ. ಈ ನಿಯಮಗಳು 1958ರ ಒಪ್ಪಂದಕ್ಕೆ ಸಹಿ ಹಾಕಿದ ದೇಶಗಳಿಗೆ ಸೇರಿದವು. ಭಾರತ ಅದಕ್ಕೆ ಸಹಿ ಹಾಕಿಲ್ಲ, ನಮ್ಮದು 1998ರ ಇನ್ನೊಂದು ಒಪ್ಪಂದ. ಹಾಗಾಗಿ ಲಂಡನ್ನಿನಲ್ಲಿ ಶುರುವಾದದ್ದು ತಾನಾಗಿ ಇಲ್ಲಿಗೆ ಬರುವುದಿಲ್ಲ, ನಮ್ಮ ಸಮಿತಿಗಳೇ ಕೂತು ನಮ್ಮ ಲಾರಿಗಳಿಗೆ ಬರೆಯಬೇಕು. ಆ ಲಾರಿಗಳನ್ನು ತಯಾರಿಸುವ ಕಂಪನಿಗಳು ಶೇರು ಪೇಟೆಯಲ್ಲಿವೆ, ಒಂದು ಶೇರು ಇದ್ದವರಿಗೂ ಪ್ರತಿ ವರ್ಷ ಮಹಾಸಭೆಯ ನೋಟೀಸು ಬರುತ್ತದೆ.